ಕೆಂಪು ಕಾಣದ ಫಿಲ್ಮು

ನಮ್ಮ ಮನೆಯ ಬಚ್ಚಲಲ್ಲಿ ಅಡ್ಡ ಕಟ್ಟಿದ ನೈಲಾನ್ ಹಗ್ಗದ ಮೇಲೆ ಒಣಗುವುದು ಬರೀ ಟವೆಲುಗಳಲ್ಲ; ಅವುಗಳ ಪಕ್ಕದಲ್ಲೇ, ಬಟ್ಟೆಗೆ ಹಾಕುವ ಅದೇ ಕ್ಲಿಪ್ಪಿಗೆ ಜೋತುಬಿದ್ದು, ಸುರುಳಿ ಸುತ್ತದಿರಲೆಂದು ಬುಡದಲ್ಲಿ ಇನ್ನೊಂದು ಕ್ಲಿಪ್ಪಿನ ಭಾರ ಹೊತ್ತು, ಕಪ್ಪು-ಬಿಳುಪು ಫಿಲ್ಮಿನ ಉದ್ದುದ್ದ ಪಟ್ಟಿಗಳೂ ಒಣಗುತ್ತವೆ. ಕಾಲು ತೊಳೆಯಲು ಒಳಗೆ ಹೋದ ನೆಂಟರು ಹಾವು ಕಂಡವರಂತೆ ಹಿಂದಕ್ಕೆ ಹಾರಿದ್ದುಂಟು. ಈ ಕಾಲದಲ್ಲಿ ಫಿಲ್ಮು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಬೇಕಾದವರಿದ್ದಾರೆ. ಗುಡವಿಯ ಹಕ್ಕಿ ನೋಡಲು, ಬಳ್ಳಿಗಾವಿಯ ಕಲ್ಲು ನೋಡಲು ಬರುವವರಲ್ಲಿ ಕೆಲವರ ಕೊರಳಲ್ಲಿ ಈಗ ಮತ್ತೆ ಹಳೆಯ ಕ್ಯಾಮೆರಾಗಳು ತೂಗುತ್ತಿವೆ. ಅವರಿಗೆ ಶಿಕಾರಿಪುರದ ನಮ್ಮ ಸ್ಟುಡಿಯೋದಲ್ಲಿ ಫಿಲ್ಮು ಮಾರುವವನು ನನ್ನ ಮೈದುನ ಶಿವಕುಮಾರ. ತೊಳೆದು ಕೊಡುವವಳು ನಾನು.

ಮಾವನವರು ಇಟ್ಟ ಸ್ಟುಡಿಯೋ ಅದು. ಬೆಳಕಿನಲ್ಲಿ ಆಗುವ ಕೆಲಸವನ್ನೆಲ್ಲ ಗಂಡಸರು ಮಾಡಿದರು, ಕತ್ತಲಲ್ಲಿ ಆಗುವ ಕೆಲಸಕ್ಕೆ ಮನೆಯ ಹೆಂಗಸು ಸಾಕು ಎಂದು ನನ್ನನ್ನು ಒಳಗೆ ನಿಲ್ಲಿಸಿದರು. ಬೇಸರವೇನೂ ಇಲ್ಲ. ಆ ಪರಶಿವ ನನಗೆ ಏನೂ ಕೊಡಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಕತ್ತಲೆಕೋಣೆಯ ನಲ್ಲಿಯಲ್ಲಿ ನೀರು ಬರುತ್ತಿತ್ತು, ಅದೊಂದು ಕೃಪೆ. ಒಳಗಿದ್ದಷ್ಟು ಹೊತ್ತು ಯಾರೂ ಬಾಗಿಲು ತೆಗೆದು ಕಾಫಿ ಕೇಳುವಂತಿರಲಿಲ್ಲ. ಅದು ಇನ್ನೂ ದೊಡ್ಡ ಕೃಪೆ.

ಆ ಕತ್ತಲಲ್ಲಿ ನಿಂತೇ ನಾನು ಫಿಲ್ಮುಗಳ ಮೂಲ ಗುರುತಿಸಲು ಕಲಿತದ್ದು. ಫಿಲ್ಮು ಮಾಡುವ ಕಾರ್ಖಾನೆಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟಾದರೆ ಡಬ್ಬಿಗಳ ಮೇಲಿನ ಹೆಸರುಗಳು ಊರಿಗೊಂದು. ದೊಡ್ಡ ಸುರುಳಿಯನ್ನು ಕೊಂಡು, ಕತ್ತರಿಸಿ, ಸಣ್ಣ ಡಬ್ಬಿಗೆ ಸುತ್ತಿ, ತಮ್ಮ ಚೀಟಿ ಅಂಟಿಸಿದರೆ ಹೊಸ ಫಿಲ್ಮು ಹುಟ್ಟಿತು. ಅದರಲ್ಲೇ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಗಿರಣಿಯ ಅಕ್ಕಿ ಮೂರು ದೇವರ ಚಿತ್ರವಿರುವ ಮೂರು ಚೀಲಗಳಲ್ಲಿ ಬರುವುದಿಲ್ಲವೇ? ನನ್ನ ಸಂಗತಿಯನ್ನೇ ತೆಗೆದುಕೊಳ್ಳಿ. ಸೊರಬದ ತವರಿನಲ್ಲಿ ನಾನು ಪಾರ್ವತಿಯಾಗಿದ್ದೆ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರ ಹಿಡಿದು ಗಿರಿಜಾ ಎಂದು ಬರೆದರು, ಅಂದಿನಿಂದ ಗಿರಿಜಾ ಆದೆ. ಎರಡೂ ಅದೇ ತಾಯಿಯ ಹೆಸರು ಎಂದು ಸಮಾಧಾನ ಹೇಳಿದರು, ನಾನೂ ಸಮಾಧಾನಪಟ್ಟುಕೊಂಡೆ. ಆದರೆ ಒಳಗಿನ ಸರಕು ಹೆಸರು ಬದಲಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ. ಫಿಲ್ಮಾದರೆ ಮೊದಲ ನೀರಿನಲ್ಲೇ ಬಾಯಿಬಿಡುತ್ತದೆ. ಒಂದು ಕಾರ್ಖಾನೆಯದು ಹಸಿರು ನೀರು ಬಿಡುತ್ತದೆ, ಒಂದರದು ನೇರಳೆ, ಒಂದರದು ಸುಮ್ಮನೆ ತಿಳಿ. ಒಣಗಿದ ಮೇಲೆ ದೀಪಕ್ಕೆ ಹಿಡಿದರೆ ಕೆಲವು ಬೂದು, ಕೆಲವು ಗಾಜಿನಂತೆ ಸ್ವಚ್ಛ. ಕೆಲವನ್ನು ಕೈಯಲ್ಲಿ ಹರಿಯಬಹುದು, ಕೆಲವು ಬೆರಳು ಕೊಯ್ದಾವೇ ಹೊರತು ಹರಿಯವು. ಎಲ್ಲಕ್ಕಿಂತ ಮಿಗಿಲಾಗಿ, ತೂತುಗಳ ಸಾಲಿನ ಅಂಚಿನಲ್ಲಿ ಕಾರ್ಖಾನೆಯವರು ಬೆಳಕಿನಿಂದಲೇ ತಮ್ಮ ಹೆಸರು ಬರೆದಿರುತ್ತಾರೆ. ತೊಳೆಯುವ ತನಕ ಅದು ಕಾಣದು, ತೊಳೆದ ಮೇಲೆ ಅಳಿಸಲಾಗದು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಊರು ದಾಟುವುದರೊಳಗೆ ನಿಮ್ಮ ಮೂಲ ಯಾವೂರು, ಯಾರ ಪೈಕಿ ಎಂದು ಕೇಳಿ ಮುಗಿಸುತ್ತಾರೆ. ಕೊಂಡ ಸರಕಿಗೆ ಮಾತ್ರ ಆ ಪ್ರಶ್ನೆಯನ್ನು ಯಾರೂ ಹಾಕುವುದಿಲ್ಲ.

ಶಿವಕುಮಾರ ತನ್ನದೇ ಫಿಲ್ಮು ಎಂದು ಮಾರಲು ಶುರುಮಾಡಿದಾಗ ಅದಕ್ಕೆ ‘ಬಳ್ಳಿಗಾವಿ’ ಎಂದು ಹೆಸರಿಟ್ಟ. ಡಬ್ಬಿಯ ಮೇಲೆ ಗುಡಿಯ ಕಂಬದ ಚಿತ್ರ, ಕೆಳಗೆ ನಮ್ಮ ನೆಲದ್ದೇ ಫಿಲ್ಮು ಎಂಬ ಮಾತು. ಸುರುಳಿಯನ್ನು ಎಲ್ಲಿಂದ ತಂದನೆಂದು ಹೇಳಲಿಲ್ಲ. ತೊಳೆದೆ; ನೀರಿಗೆ ಬಣ್ಣವಿಲ್ಲ. ಅಂಚು ನೋಡಿದೆ, ಹೆಸರಿಲ್ಲ. ದೀಪಕ್ಕೆ ಹಿಡಿದರೆ ಗಾಜು, ಹರಿದರೆ ಹರಿಯದು. ಅನುಮಾನ ಬಂದು, ಫೋಟೋ ತೆಗೆಯದ ಒಂದು ತುಂಡನ್ನು ಕೆಂಪು ದೀಪದ ಕೆಳಗೆ ಬಿಚ್ಚಿಟ್ಟು, ಅಕ್ಕಿ ಆರಿಸಿ ಮುಗಿಸಿ ಬಂದು ತೊಳೆದೆ. ಬೇರೆ ಫಿಲ್ಮಾಗಿದ್ದರೆ ಬೆಳಕು ತಾಗಿ ಇದ್ದಿಲಿನಂತೆ ಕಪ್ಪಾಗಬೇಕಿತ್ತು. ಇದು ತೊಳೆದ ಲೋಟದಂತೆ ತಿಳಿಯಾಗಿಯೇ ಉಳಿಯಿತು. ಅಂದರೆ ಅದಕ್ಕೆ ಕೆಂಪು ಬೆಳಕು ಬೆಳಕೇ ಅಲ್ಲ. ಕಾಗದಪತ್ರಗಳ, ನಕ್ಷೆಗಳ ನಕಲು ತೆಗೆಯಲೆಂದು ಮಾಡಿದ ಫಿಲ್ಮು ಅದು, ಮನುಷ್ಯರ ಮುಖಕ್ಕಾಗಿ ಮಾಡಿದ್ದಲ್ಲ. ಅಂದೇ ಊಟ ಬಡಿಸುವಾಗ, ನನ್ನ ಯಜಮಾನರೂ ಕೂತಿದ್ದಾಗ, ಇದನ್ನು ಹೇಳಿದೆ. ಕಲ್ಲಿಗೆ ಚೆಂದ ಬರುತ್ತದಲ್ಲ ಅತ್ತಿಗೆ, ಮತ್ತೇನು ಬೇಕು ಎಂದು ಶಿವಕುಮಾರ ಸಾರು ಹಾಕಿಸಿಕೊಂಡ. ಸುಳ್ಳೇನೂ ಅಲ್ಲ. ಆ ಫಿಲ್ಮಿನಲ್ಲಿ ತೆಗೆದ ಬಂದಳಿಕೆಯ ಶಾಸನಗಳು ಓದಿಸಿಕೊಳ್ಳಲೆಂದೇ ಎದ್ದು ನಿಂತಂತೆ ಕಾಣುತ್ತಿದ್ದವು. ಕಲ್ಲಿನ ಮೇಲೆ ದಾನ ಕೊಟ್ಟವರ ಹೆಸರಿತ್ತು. ಅದನ್ನು ಹಿಡಿದುಕೊಟ್ಟ ಫಿಲ್ಮಿಗೆ ಮಾತ್ರ ಹೆತ್ತವರ ಹೆಸರಿರಲಿಲ್ಲ.

ಹೀಗಿರುವಾಗ ಆಷಾಢದ ಒಂದು ದಿನ ಸೊರಬದಿಂದ ನಾಗರತ್ನ ಬಂದಳು. ಅಲ್ಲಿಯ ಶಾಲೆಯಲ್ಲಿ ಪಾಠ ಮಾಡುವ ಹುಡುಗಿ. ರಜೆಯಲ್ಲಿ ಸುತ್ತಲ ಹಳ್ಳಿಗಳ ಅಜ್ಜಿಯರ ಫೋಟೋ ತೆಗೆದು, ಮನೆಯಲ್ಲಿ ತಾನೇ ತೊಳೆದು, ತಾನೇ ಪ್ರಿಂಟು ಹಾಕಿ, ಅವರವರ ಮನೆಗೆ ಕೊಟ್ಟು ಬರುತ್ತಿದ್ದಳು. ಒಂದು ಪ್ರಿಂಟನ್ನು ಅಂಗಡಿಯ ಗಾಜಿನ ಮೇಲಿಟ್ಟಳು. ಹಾಲಮ್ಮಜ್ಜಿ ಎಂಬ ಮುದುಕಿ. ವಿಭೂತಿ ಬೆಳ್ಳಗೆ ಮೂಡಿತ್ತು, ಮುಖ ಸುಟ್ಟ ರೊಟ್ಟಿಯಂತೆ ಕಂದಿತ್ತು. ನಡು ಹಣೆಯಲ್ಲಿ, ಕಾಸಿನಗಲದ ಕುಂಕುಮವಿರಬೇಕಾದಲ್ಲಿ, ಕಾಡಿಗೆಯಷ್ಟು ಕಪ್ಪು ಬೊಟ್ಟು.

ನಮ್ಮ ಕಡೆ ಕಪ್ಪು ಬೊಟ್ಟಿನ ಅರ್ಥ ನಿಮಗೆ ಗೊತ್ತಿರಬಹುದು. ಗಂಡ ಹೋದ ಮೇಲೆ ಹಣೆ ಬರಿದಾಗಿರಬಾರದೆಂದು ಕೆಲವರು ಇಟ್ಟುಕೊಳ್ಳುವುದು ಅದನ್ನೇ. ಕಪ್ಪು-ಬಿಳುಪಿನಲ್ಲಿ ಕೆಂಪು ಹೀಗೆಯೇ ಬರುತ್ತದೇನೋ ಎಂದುಕೊಂಡು ನಾಗರತ್ನ ಪ್ರಿಂಟು ಕೊಟ್ಟು ಬಂದಿದ್ದಳು. ಅಜ್ಜಿಯ ಯಜಮಾನರು ಪಾರ್ಶ್ವವಾಯು ಹೊಡೆದು ಮಲಗಿದ್ದರು. ಫೋಟೋ ನೋಡಿದ ಸೊಸೆಯಂದಿರು ಮುಖ ಮುಖ ನೋಡಿಕೊಂಡರಂತೆ. ಮುಂದೆ ಆಗಲಿರುವುದು ತನ್ನ ಹಣೆಯಲ್ಲಿ ಮೊದಲೇ ಬಂದುಬಿಟ್ಟಿದೆ ಎಂದು ಅಜ್ಜಿಗೇ ಅನ್ನಿಸಿಬಿಟ್ಟಿತು. ಅಲ್ಲಿಯವರೆಗೆ ಗಂಡನಿಗೆ ಗಂಜಿ ಕುಡಿಸುತ್ತಿದ್ದವಳು ತನ್ನ ನೆರಳು ಸೋಕದಿರಲೆಂದು ಹಿತ್ತಿಲ ಕಡೆಯ ಜಗಲಿಗೆ ಹೋಗಿ ಕೂತಳು. ಒಳಗೆ ಆ ಮನುಷ್ಯ ಬರುವ ಮಾತಿನಲ್ಲೇ ಅವಳನ್ನು ಕರೆಯುತ್ತಿದ್ದ, ಅವಳು ಹೋಗುತ್ತಿರಲಿಲ್ಲ. ನಾಗರತ್ನ ಫೋನಿನಲ್ಲಿದ್ದ ಬಣ್ಣದ ಚಿತ್ರವನ್ನೂ ತೋರಿಸಿದಳಂತೆ. ಫೋನಲ್ಲಿ ಮುದುಕಿಯನ್ನು ಮದುಮಗಳೂ ಮಾಡುತ್ತಾರೆ, ಅದನ್ನು ಯಾರು ನಂಬುತ್ತಾರೆ, ಕಾಗದದ ಮೇಲೆ ಬಂದದ್ದೇ ನಿಜ ಎಂದು ಅಜ್ಜಿ ಮುಖ ತಿರುಗಿಸಿದಳು.

ನೆರಳಿನಲ್ಲಿ ಕೂರಿಸಿ ತೆಗೆದದ್ದು ನಿಮ್ಮದೇ ತಪ್ಪು ಎಂದು ಶಿವಕುಮಾರ ವಾದಿಸುತ್ತಿದ್ದ. ಅವಳು ಒಪ್ಪದಿದ್ದಾಗ, ಒಳಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಕೈ ಮಾಡಿದ.

“ಬೇಕಾದ್ರೆ ನಮ್ಮ ಅತ್ತಿಗೇನೇ ಕೇಳ್ರಿ. ಲಿಂಗಪೂಜೆ ಆಗದೆ ಒಂದು ತೊಟ್ಟು ನೀರು ಬಾಯಿಗೆ ಹಾಕದವರು. ಅವರೇನು ಸುಳ್ಳು ಹೇಳ್ತಾರ?”

ಓದುಗರೇ, ನನಗೆ ಉರಿದದ್ದು ಆಗ. ಫಿಲ್ಮಿಗೆ ಗುಡಿಯ ಕಂಬದ ಚೀಟಿ ಅಂಟಿಸಿದ್ದು ಸಾಲದೆ, ಇಷ್ಟು ವರ್ಷ ನಾನು ಎದೆಯ ಮೇಲೆ ಕಟ್ಟಿಕೊಂಡ ಲಿಂಗವನ್ನೂ ಅವನು ಡಬ್ಬಿಗೆ ಅಂಟಿಸಲು ಹೊರಟಿದ್ದ. ನನ್ನ ಭಕ್ತಿಯೂ ಅವನ ಲೆಕ್ಕದಲ್ಲಿ ಒಂದು ಚೀಟಿ. ಮನೆಯ ಹೆಂಗಸು ಅಂಗಡಿಯಲ್ಲಿ ಮನೆಯ ಮಾತು ಬಿಟ್ಟುಕೊಡಳು ಎಂಬ ಭರವಸೆ ಬೇರೆ. ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಹೋಯಿತು.

“ತಪ್ಪು ನಿನ್ನದಲ್ಲ ನಾಗರತ್ನ,” ಎಂದೆ. “ಈ ಫಿಲ್ಮಿಗೆ ಕೆಂಪು ಕಾಣೋದಿಲ್ಲ, ಕೆಂಪೆಲ್ಲ ಪ್ರಿಂಟಿನಲ್ಲಿ ಕಪ್ಪಾಗೇ ಬರುತ್ತೆ. ಇದು ಕಾಗದಪತ್ರದ ನಕಲು ತೆಗೆಯೋ ಫಿಲ್ಮು. ಹೆಸರು ಮಾತ್ರ ನಮ್ಮದು.”

ಅವಳು ಅಲ್ಲೇ ಅತ್ತುಬಿಟ್ಟಳು. ಈ ಮಾತನ್ನು ಬಂದು ಅಜ್ಜಿಗೆ ಹೇಳಿ ಅಕ್ಕ, ದೊಡ್ಡವರು ಹೇಳಿದರೆ ನಂಬುತ್ತಾರೆ, ತಾತ ಇರುವಷ್ಟು ದಿನ ಅವರ ಹತ್ತಿರ ಕೂತಿರಲಿ ಎಂದಳು. ಬರುತ್ತೇನೆ ಎಂದೆ. ಕೆಂಪು ಕಾಣುವ ಒಳ್ಳೆಯ ಫಿಲ್ಮು ಒಂದು ರೋಲು ತರಿಸು, ಕುಂಕುಮ ತುಂಬ ಇಟ್ಟು ಇನ್ನೊಂದು ತೆಗೆಯೋಣ, ನಾನೇ ತೊಳೆದು ಕೊಡುತ್ತೇನೆ ಎಂದೂ ಹೇಳಿದೆ.

ಆ ದಿನ ಯಜಮಾನರು ಕೇಳಿದ್ದು ಒಂದೇ ಮಾತು. “ಸತ್ಯ ಹೇಳೋಕೆ ನಿಂಗೆ ಅಂಗಡಿ ಬಾಗಿಲೇ ಬೇಕಿತ್ತಾ? ಒಳಗೆ ಹೇಳಿದ್ರೆ ಆಗ್ತಿರಲಿಲ್ವಾ?” ಒಳಗೆ ಹೇಳಿದ್ದೆ, ಒಳಗೆ ಆಡಿದ ಮಾತು ಸಾರಿನ ಜೊತೆ ಕಲಸಿ ಹೋಗುತ್ತದೆ. ಮೈದುನನ ಹೆಂಡತಿ ಮಾತು ಬಿಟ್ಟಳು. ಕತ್ತಲೆಕೋಣೆಯ ಬಾಗಿಲಿಗೆ ಬೀಗ ಬಿತ್ತು. ಮನೆಗೆ ಬರುವ ಫಿಲ್ಮುಗಳನ್ನು ಅಂದಿನಿಂದ ಬಚ್ಚಲಲ್ಲೇ, ಕಿಟಕಿಗೆ ಕಂಬಳಿ ಕಟ್ಟಿ ತೊಳೆಯುತ್ತಿದ್ದೇನೆ. ಬಚ್ಚಲಿಗೂ ನಲ್ಲಿಯಿದೆ, ಅದೂ ಕೃಪೆಯೇ ಅನ್ನಿ. ಸೊರಬಕ್ಕೆ ಹೊರಟೆ ಎಂದರೆ ಊರೆಲ್ಲ ಡಂಗುರ ಹೊಡೆಯಬೇಕಾ ಎಂದು ಯಜಮಾನರು ತಡೆದರು. ಆಮೇಲೆ ಶ್ರಾವಣ ಬಂತು. ಸೋಮವಾರ ಸೋಮವಾರ ಜಂಗಮರಿಗೆ ಪ್ರಸಾದ, ಹೋಳಿಗೆ, ಪಾದಪೂಜೆ. ದೇವರ ಕೆಲಸ ಬಿಟ್ಟು ಎಲ್ಲಿಗೆ ಹೋಗ್ತೀಯ ಎಂದು ಕೇಳಿದರೆ ನನ್ನಂಥವಳು ಏನು ಹೇಳಬೇಕು? ನನ್ನನ್ನು ಕಟ್ಟಿಹಾಕಲು ಯಾವ ಹಗ್ಗ ಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಒರಳಿನ ಮುಂದೆ ಹೂರಣ ರುಬ್ಬುತ್ತ, ಆ ಮುದುಕ ಅತ್ತ ಕೂಗುತ್ತಿರುವುದನ್ನು, ಈ ಮುದುಕಿ ಇತ್ತ ಕಿವಿ ಮುಚ್ಚಿ ಕೂತಿರುವುದನ್ನು ನೆನೆದು ಆ ಪರಶಿವನ ಮೇಲೂ ಸಿಟ್ಟು ಬಂದದ್ದುಂಟು. ಅವನ ಹೆಸರಿನಲ್ಲಿ ನಡೆಯುವುದೆಲ್ಲ ಅವನದೇ ಸರಕೇ? ಅದರ ಅಂಚಿನಲ್ಲೂ ಯಾರ ಹೆಸರಿದೆ ಎಂದು ಒಮ್ಮೆ ಓದಿ ನೋಡಬೇಕೆನಿಸಿತು. ಈ ನಡುವೆ ಅಂಗಡಿಗೆ ಹೊಸ ಡಬ್ಬಿಗಳು ಬಂದವು. ಅದೇ ಫಿಲ್ಮು, ಚಿತ್ರ ಮಾತ್ರ ಬೇರೆ. ‘ಬಳ್ಳಿಗಾವಿ’ ಹೋಗಿ ‘ಬಂದಳಿಕೆ’ ಆಗಿತ್ತು.

ಶ್ರಾವಣ ಮುಗಿದ ಮರುದಿನ ಯಾರನ್ನೂ ಕೇಳದೆ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಮಳೆ ನಿಂತು ಹೊಳವಾಗಿತ್ತು. ಅಷ್ಟಕ್ಕೇ ಮನಸ್ಸು ಹಗುರಾಯಿತು, ಹಾಳು ಅಭ್ಯಾಸ. ಸೊರಬದಲ್ಲಿ ನಾಗರತ್ನ ಕಾದಿದ್ದಳು. ಅಂಚಿನಲ್ಲಿ ಕಾರ್ಖಾನೆಯ ಹೆಸರು ಹೊತ್ತ ಫಿಲ್ಮು ಅವಳ ಕ್ಯಾಮೆರಾದಲ್ಲಿತ್ತು. ನನ್ನ ಚೀಲದಲ್ಲಿ ಕುಂಕುಮದ ಪೊಟ್ಟಣವಿತ್ತು.

ನಾವು ಹಳ್ಳಿ ಮುಟ್ಟಿದಾಗ ಹಾಲಮ್ಮಜ್ಜಿ ಹಿತ್ತಿಲ ಜಗಲಿಯಲ್ಲಿರಲಿಲ್ಲ. ನಡುಮನೆಯಲ್ಲಿ, ಖಾಲಿ ಮಂಚದ ಪಕ್ಕ, ನೆಲದ ಮೇಲೆ ಕೂತಿದ್ದಳು. ಹಣೆಯಲ್ಲಿ ವಿಭೂತಿಯಷ್ಟೇ ಇತ್ತು. ತಾತ ಹೋಗಿ ಆಗಲೇ ವಾರ ಕಳೆದಿತ್ತು. ನಾಗರತ್ನಳಿಗೂ ಸುದ್ದಿ ಮುಟ್ಟಿರಲಿಲ್ಲ. ತಿರುಗಿ ಬರಬಹುದಿತ್ತು. ಆದರೆ ಹೇಳಲು ಬಂದ ಮಾತು ಬಾಯಲ್ಲಿಯೇ ಇತ್ತು, ಅದನ್ನು ನುಂಗಿ ಮನೆಗೆ ಹೋದರೆ ನನಗೂ ಆ ಅಂಗಡಿಗೂ ಏನು ವ್ಯತ್ಯಾಸ? ಪಕ್ಕದಲ್ಲಿ ಕೂತು ಹೇಳಿದೆ. ಫೋಟೋ ಸುಳ್ಳು, ನಿಮ್ಮ ಹಣೆಯಲ್ಲಿದ್ದದ್ದು ಕುಂಕುಮವೇ, ಅದು ನಿಮ್ಮ ದೋಷವಲ್ಲ, ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲ.

ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡಳು. “ಹೌದಾ ತಂಗಿ?” ಎಂದಳು. “ಅದಕ್ಕೆ ಕೆಂಪು ಕಂಡಿದ್ರೆ ನಾನು ಅವರ ಹತ್ರ ಕೂತಿರ್ತಿದ್ದೆ. ಅಷ್ಟೇ ಅಲ್ವಾ.”

ಅವಳೇ ಎದ್ದು, ಭತ್ತದ ಚೀಲಗಳ ಹಿಂದೆ ಸೊಸೆಯಂದಿರು ತಿರುಗಿಸಿಟ್ಟಿದ್ದ ಫೋಟೋ ತಂದು, ಸೆರಗಿನಿಂದ ಒರೆಸಿ, ತಾತನ ಚಿತ್ರದ ಪಕ್ಕಕ್ಕೆ ಗೋಡೆಗೆ ಒರಗಿಸಿದಳು. ನಾಗರತ್ನಳ ಕೊರಳಿನ ಕ್ಯಾಮೆರಾ ಆಗ ಅವಳ ಕಣ್ಣಿಗೆ ಬಿತ್ತು.

“ಇನ್ನೊಂದು ತೆಗಿಯಕ್ಕೆ ಬಂದ್ರಾ?” ಎಂದಳು. “ಬೇಡ ಬಿಡಿ. ಇದೇ ಇರ್ಲಿ. ಈಗ ಸರಿಯಾಗಿದೆ.”