ಕೊನೆಯ ಪದಕ್ಕೆ ಕಾಯುತ್ತಿದ್ದ ಪಕ್ಕದ ಮನೆಯ ಆಂಟಿ

ಪಕ್ಕದ ಮನೆಯ ಆಂಟಿಗೆ ಮುಂದಿನ ಒಂದು ಹಲ್ಲಿರಲಿಲ್ಲ. ‘ಬಿಸಿ’ ಎಂದರೂ ಸಣ್ಣದೊಂದು ಸೀಟಿ ಕೇಳಿಸುತ್ತಿತ್ತು. ನನ್ನ ಮಗಳು ಆ ಬಾಯನ್ನೇ ನೋಡುತ್ತ ಕೂರುತ್ತಿದ್ದಳು. ನೋಡುತ್ತಿದ್ದಳು, ಅಷ್ಟೆ. ಮೂರು ವರ್ಷ ತುಂಬಿದರೂ ಅವಳಿಂದ ಒಂದು ಮಾತು ಹೊರಟಿರಲಿಲ್ಲ.

ನಾನು ಆಸ್ಟ್ರೇಲಿಯಾದ ವೆರಿಬೀಯಲ್ಲಿ ಹಳೇ ಕಾರು ಮಾರಿ ಮೇಲೆ ಬಂದವನು. ಎಂಥ ಗಿರಾಕಿಯನ್ನೂ ಮಾತಿನಲ್ಲೇ ಒಲಿಸಬಲ್ಲೆ. ಮನೆಯಲ್ಲಿ ಮಗುವಿನ ಮುಂದೆ ಮಾತ್ರ ಆ ಮಾತು ನಡೆಯುತ್ತಿರಲಿಲ್ಲ. ಡಾಕ್ಟರು ಕಿವಿ ಸರಿಯಿದೆ ಎಂದಿದ್ದರು. ಸ್ಪೀಚ್ ಥೆರಪಿಗೆ ಸರದಿ ಕಾಯುತ್ತಿದ್ದೆವು. ಅಷ್ಟರಲ್ಲಿ ಗೆಳೆಯನೊಬ್ಬ, "ಎರಡು ಭಾಷೆ ಸೇರಿ ಮಗು ಕನ್‌ಫ್ಯೂಸ್ ಆಗಿದೆ ಗುರು, ಕನ್ನಡ ಬಿಟ್ಬಿಡಿ" ಎಂದ. ಹೆದರಿದವನಿಗೆ ಯಾವ ಸಲಹೆಯಾದರೂ ಸರಿಯೇ. ನಾನೂ ಹೆಂಡತಿಯೂ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದವರು ಈ ಆಂಟಿ, ಉಡುಪಿ ಕಡೆಯವರು.

"ಇವತ್ತಿಂದ ಇಂಗ್ಲಿಷ್ ಮಾತ್ರ ಆಂಟಿ," ಎಂದೆ.

"ನನ್ನ ಇಂಗ್ಲಿಷ್ ಕಲಿತರೆ ಇವಳು ನಿಮ್ಮ ಹಾಗೆ ಕಾರು ಬಿಡಿ, ಸೈಕಲ್ಲೂ ಮಾರ್ಲಿಕ್ಕಿಲ್ಲ ಮಾರಾಯ್ರೆ," ಎಂದು ನಕ್ಕು ಕನ್ನಡದ್ದೇ ಮಕ್ಕಳ ಪದ್ಯದ ಪುಸ್ತಕ ತೆರೆದರು.

ಅವರು ಪದ್ಯದ ಅರ್ಥ ಹೇಳುತ್ತಿರಲಿಲ್ಲ. ಮಗುವಿನ ಅಂಗೈ ಮೇಲೆ ತಾಳ ತಟ್ಟುತ್ತ ಓದಿ, ಕೊನೆಯ ಪದಕ್ಕೆ ಮುಂಚೆ ನಿಂತುಬಿಡುತ್ತಿದ್ದರು. ಹುಬ್ಬೇರಿಸಿ ಕಾಯುತ್ತಿದ್ದರು. ಸಂಜೆ ಕೆಲಸ ಮುಗಿಸಿ ಬಂದ ನನಗೆ ಆ ಮೌನ ತಡೆಯಲಾಗದೆ ನಾನೇ ಪದ ಹೇಳಿಬಿಡುತ್ತಿದ್ದೆ.

"ನಿಮಗೆ ಮಾತು ಬರ್ತದೆ ಅಂತ ಊರಿಗೇ ಗೊತ್ತುಂಟು," ಎಂದರು ಒಂದು ದಿನ. "ಗಿರಾಕಿಗೆ ರೇಟ್ ಹೇಳಿ ಆಮೇಲೆ ಎಂತ ಮಾಡುದು ನೀವು?"

"ಸುಮ್ನಿರ್ತೀನಿ. ಮೊದಲು ಬಾಯಿ ಬಿಟ್ಟೋನು ಸೋತ."

"ಮತ್ತೆ ಇವಳ ಹತ್ರ ಎಂತಕ್ಕೆ ಸೋಲುದು?"

ಅಂದಿನಿಂದ ಬಾಯಿ ಮುಚ್ಚಿ ಕುಳಿತೆ. ವಾರಗಳು ಕಳೆದವು. ಆಂಟಿಯನ್ನು ನಂಬಿ ಮಗುವಿನ ಕಾಲ ಹಾಳು ಮಾಡುತ್ತಿದ್ದೇನೆಯೇ ಎಂದು ಯೋಚಿಸುತ್ತ ಫ್ರೀವೇಯಲ್ಲಿ ನಮ್ಮ ತಿರುವನ್ನೇ ದಾಟಿ ಹೋಗುತ್ತಿದ್ದೆ.

ಒಂದು ಸಂಜೆ ಊಟ ಮಾಡಿಸುತ್ತ ಆಂಟಿ ತಾವೇ ಕಟ್ಟಿದ ಸಾಲು ಹೇಳಿದರು: "ಬಟ್ಟಲಲ್ಲಿ ಬಿಸಿ ಅನ್ನ, ಊದಿ ತಿನ್ನು ನನ್ನ..."

ನಿಂತರು. ಪದ ನನ್ನ ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ.

"ಚಿನ್ನ," ಎಂದಳು ಮಗಳು.

ಆಂಟಿ ಏನೂ ಆಗದವರಂತೆ ಮುಂದಿನ ತುತ್ತು ಕಲಸಿದರು. ನಾನು ಗ್ಯಾರೇಜಿಗೆ ಹೋಗಿ ಅತ್ತುಬಿಟ್ಟೆ.

ಸರದಿ ಬಂದಾಗ ಥೆರಪಿಸ್ಟ್ ಕೂಡ ಮನೆಮಾತು ಬಿಡಬೇಡಿ ಎಂದೇ ಹೇಳಿದರು. ಕನ್ನಡದ ಬೆನ್ನಿಗೆ ಇಂಗ್ಲಿಷೂ ಬಂತು. ಮಕ್ಕಳಿರುವವರು ಕೇಳಿ: ಪುಸ್ತಕ ಕೊಳ್ಳುವಾಗ ಬೇಕಾದಷ್ಟು ಚೌಕಾಸಿ ಮಾಡಿ, ಓದಿ ಹೇಳುವಾಗ ಅವಸರ ಮಾಡಬೇಡಿ.

ಆಮೇಲೆ ಆಂಟಿ ಮಗನ ಜೊತೆ ಸಿಡ್ನಿಗೆ ಹೋದರು. ಈ ಚಳಿಗಾಲದಲ್ಲಿ ತೀರಿಕೊಂಡರು. ಅವರನ್ನು ಅಜ್ಜಿ ಎನ್ನುತ್ತಿದ್ದ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅಂತ್ಯಕ್ರಿಯೆ ಮುಗಿಸಿ ಏರ್‌ಪೋರ್ಟಿಗೆ ಬರುವಾಗ ಟ್ಯಾಕ್ಸಿಯಲ್ಲಿ ಕೇಳಿದಳು:

"ಅಪ್ಪ, ಅಜ್ಜಿ ಇನ್ಮೇಲೆ ಯಾರಿಗೆ ಪದ್ಯ ಹೇಳ್ತಾರೆ?"

ನಾನು ಅವಳ ಅಂಗೈ ತೆಗೆದುಕೊಂಡು ಆಂಟಿಯ ಹಾಗೆ ಮೆಲ್ಲಗೆ ತಾಳ ತಟ್ಟಿದೆ.

"ಹೇಳಪ್ಪ," ಎಂದು ತೋಳು ಹಿಡಿದು ಅಲ್ಲಾಡಿಸಿದಳು.