ಸಾಲಿನ ಕೊನೆಯ ಪುಂಡ

ಕಳೆದ ಶನಿವಾರ ಕೆಲ್ಲರ್, ಅಂದರೆ ಮನೆಯ ನೆಲಮಾಳಿಗೆ, ಸ್ವಚ್ಛ ಮಾಡುವಾಗ ಹಳೆಯ ಜಾಕೆಟ್ಟಿನ ಜೇಬಿನಲ್ಲಿ ಒಂದು ಕೀಚೈನ್ ಸಿಕ್ಕಿತು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಹುಡುಗ. ಕಿತ್ತಳೆ ಬಣ್ಣದ ಕೂದಲು, ಮೊಣಕಾಲು ದಾಟುವ ಕರಿಯ ಕೋಟು, ಗಂಟಿಕ್ಕಿದ ಹುಬ್ಬು. ನೋಡಿದ ಕೂಡಲೇ ಗುರುತು ಹಿಡಿದೆ.

ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ಓದುತ್ತಿದ್ದಾಗ ನನ್ನ ಜೊತೆ ಒಂದೇ ಮನೆಯಲ್ಲಿದ್ದ ಉಡುಪಿಯ ಗೆಳೆಯನದು ಅದು. ಅವನಿಗೆ ಒಂದು ಜಪಾನಿ ಅನಿಮೆ ಕಾರ್ಟೂನಿನ ಹುಚ್ಚು. ಹೈಸ್ಕೂಲಿನ ತಮಾಷೆ ಕಥೆ, ಅದರಲ್ಲಿ ಐದು ಜನ ಪುಂಡರ ಒಂದು ಗುಂಪು. ಜಗತ್ತೆಲ್ಲ ನಾಯಕನನ್ನು ಮೆಚ್ಚಿದರೆ ಇವನು ಮೆಚ್ಚಿದ್ದು ಸಾಲಿನ ಕೊನೆಯಲ್ಲಿ ನಿಲ್ಲುವ ಐದನೆಯ ಪುಂಡನನ್ನು. ಹೊಡೆಯಲು ಬಂದು, ಹೊಡೆಯುವ ಮೊದಲೇ ಜಾರಿ ಬೀಳುವ ಪ್ರಾಣಿ. ಆ ಪುಂಡನಿಗೆ ಇಡೀ ಕಥೆಯಲ್ಲಿ ಇದ್ದದ್ದು ಒಂದೇ ಮಾತು. ಗುಂಪಿನ ಮುಖ್ಯಸ್ಥ ತನ್ನವರನ್ನು ಎಣಿಸಿ ನಾಲ್ಕಕ್ಕೇ ನಿಲ್ಲಿಸಿದಾಗ ಹಿಂದಿನಿಂದ ಕೈಯೆತ್ತಿ, ನಾನೂ ಇದ್ದೇನೆ ಅನ್ನಬೇಕು. ಕಥೆ ಬರೆದವರು ಅವನಿಗೆ ಒಂದು ಹೆಸರನ್ನೂ ಇಟ್ಟಿರಲಿಲ್ಲ. ಕೀಚೈನಿನಲ್ಲಿದ್ದ ಹುಡುಗ ಅವನೇ.

ನಾನು ಚಹಾಕ್ಕೆ ಒಂದೇ ಲೋಟ ತೆಗೆದರೆ ಗೆಳೆಯ ಅಡುಗೆಮನೆಯ ಬಾಗಿಲಲ್ಲಿ ಹುಬ್ಬು ಗಂಟಿಕ್ಕಿ ಕೈಯೆತ್ತುತ್ತಿದ್ದ.

"ನಾನೂ ಇದ್ದೇನೆ ಮಾರಾಯ."

ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ...

ಬಾಡಿಗೆ ಕರಾರು ನನ್ನೊಬ್ಬನ ಹೆಸರಿನಲ್ಲಿತ್ತು. ಮಾಲೀಕ ಕೆಳಗಿನ ಮಹಡಿಯಲ್ಲೇ ಇದ್ದ. ಇನ್ನೊಬ್ಬನನ್ನು ಇಟ್ಟುಕೊಂಡದ್ದನ್ನು ಅವನಿಗೆ ಹೇಳಿರಲಿಲ್ಲ, ಹೇಳಿದರೆ ಮನೆ ಕೈತಪ್ಪೀತೆಂಬ ಭಯ. ಆನ್‌ಮೆಲ್ಡುಂಗ್‌ಗೆ, ಅಂದರೆ ಸರಕಾರಿ ವಿಳಾಸ ನೋಂದಣಿಗೆ, ಬೇಕಾದ ಕಾಗದಕ್ಕೆ ನಾನೇ ಸಹಿ ಹಾಕಿ ಗೆಳೆಯನ ವಿಳಾಸ ನೋಂದಾಯಿಸಿದೆ. ಆದರೆ ಅಂಚೆಪೆಟ್ಟಿಗೆಯ ಮೇಲೆ ಅವನ ಹೆಸರು ಅಂಟಿಸಲು ಬಿಡಲಿಲ್ಲ. ಈ ದೇಶದಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿ ಹಿಡಿಯುತ್ತದೆ ಎಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

"ಊರಲ್ಲಿ ಪೋಸ್ಟಿನವ ಅಂಗಡಿಯಲ್ಲಿ ಕೇಳಿಯಾದ್ರೂ ತಂದು ಕೊಡ್ತಾನೆ. ಇಲ್ಲಿ ಬೆಲ್ ಮಾಡಿ ಕೇಳುದಿಲ್ವಾ?" ಅಂದಿದ್ದ.

ಕೇಳಿದರು, ನಿಜ. ವೀಸಾ ಮುಂದುವರಿಸಲು ಅರ್ಜಿ ಹಾಕಿ ಅವನು ಕಚೇರಿಯ ಪತ್ರಕ್ಕಾಗಿ ಕಾಯುತ್ತಿದ್ದ. ಒಂದು ಬೆಳಿಗ್ಗೆ, ಅವನು ಕ್ಲಾಸಿಗೆ ಹೋಗಿದ್ದಾಗ, ಅಂಚೆಯಾಕೆ ಲಕೋಟೆ ಹಿಡಿದು ಬಾಗಿಲಿಗೆ ಬಂದಳು. ಅವನ ಹೆಸರು ಓದಿ, ಇಲ್ಲಿರುತ್ತಾನಾ ಎಂದಳು. ಅದೇ ಹೊತ್ತಿಗೆ ಮಾಲೀಕ ಮೆಟ್ಟಿಲು ಗುಡಿಸುತ್ತಿದ್ದ. ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದ. ಅಂಥವರು ಇಲ್ಲಿ ಯಾರೂ ಇಲ್ಲ ಅಂದುಬಿಟ್ಟೆ. ಲಕೋಟೆ ವಾಪಸು ಹೋಯಿತು. ನಾನು ಜರ್ಮನ್‌ನಲ್ಲಿ ತಪ್ಪಿಲ್ಲದೆ ಆಡಿದ ಮೊದಲ ವಾಕ್ಯ ಬಹುಶಃ ಅದೇ.

ಸಂಜೆ ಹೇಳಿದ್ದರೂ ಸಾಕಿತ್ತು, ಮರುದಿನವೇ ಕಚೇರಿಗೆ ಓಡುತ್ತಿದ್ದ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆಗಳು ಉರುಳಿದವು. ಅವನು ದಿನಾ ಪೆಟ್ಟಿಗೆ ತೆಗೆದು ನೋಡಿ ಬರುತ್ತಿದ್ದ, ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡಿರುತ್ತಿದ್ದೆ. ಕೊನೆಗೆ ಅವನೇ ವೀಸಾ ಕಚೇರಿಗೆ ಹೋದಾಗ ಕೌಂಟರಿನಲ್ಲಿ ತಿಳಿಯಿತು: ಆ ಪತ್ರ ಕೇಳಿದ್ದ ದಾಖಲೆಗಳ ಗಡುವು ಮುಗಿದು ಅರ್ಜಿ ತಿರಸ್ಕೃತವಾಗಿತ್ತು. ಮೇಲ್ಮನವಿಯೂ ಬಿದ್ದುಹೋಯಿತು. ಓದು ಅರ್ಧಕ್ಕೇ ನಿಂತಿತು.

ಹೊರಡುವ ದಿನ ಮನೆಯ ಕೀಲಿಯನ್ನು ಕೀಚೈನ್ ಸಮೇತ ನನ್ನ ಕೈಗಿಟ್ಟ.

"ನೀನೆಂತ ಮಾಡ್ಲಿಕ್ಕುಂಟು ಮಾರಾಯ, ಪೋಸ್ಟಿನವರೇ ಸರಿ ಇಲ್ಲ. ಇವ ನಿನ್ನೊಟ್ಟಿಗೆ ಇರ್ಲಿ."

ಆಗಲೂ ನಿಜ ಹೇಳದೆ ಅದನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಊರಿನಿಂದ ಅವನು ಕಳಿಸುತ್ತಿದ್ದ ಮೆಸೇಜುಗಳಿಗೆ ಉತ್ತರಿಸಲೂ ನಾಚಿಕೆಯಾಗಿ ಸುಮ್ಮನಾದೆ. ಒಂದು ದಿನ ಅವೂ ನಿಂತವು... ಅಂಥ ಗೆಳೆಯ ನನಗೆ ಮತ್ತೆ ಸಿಗಲಿಲ್ಲ, ಸಿಗುವ ಯೋಗ್ಯತೆಯೂ ನನಗಿರಲಿಲ್ಲ.

ಈಗ ಇದೇ ದೇಶದ ಫೊಯರ್‌ಬಾಕ್‌ನಲ್ಲಿದ್ದೇನೆ. ಅಂಚೆಪೆಟ್ಟಿಗೆಯ ಮೇಲೆ ನನ್ನದು, ಹೆಂಡತಿಯದು, ಎಂಟು ವರ್ಷದ ಮಗಳದು, ಮೂವರ ಹೆಸರೂ ಇದೆ. ಆ ಶನಿವಾರ ಮಗಳು ನನ್ನ ಕೈಯಿಂದ ಕೀಚೈನ್ ಕಸಿದುಕೊಂಡು ತಿರುಗಿಸಿ ನೋಡಿದಳು. ಇವನ್ಯಾರು ಎಂದು ಜರ್ಮನ್‌ನಲ್ಲೇ ಕೇಳಿದಳು.

"ಯಾರೂ ಅಲ್ಲಮ್ಮ," ಎಂದೆ.

ಮಾತು ಬಾಯಿಂದ ಬಿದ್ದ ಮೇಲೆ ಅರಿವಾಯಿತು, ಗೆಳೆಯನನ್ನು ಎರಡನೆಯ ಸಲ ಬಾಗಿಲಿನಿಂದ ವಾಪಸು ಕಳಿಸಿದ್ದೆ.