ರೊಟ್ಟಿ ಬಡಿಯುವ ಹೊತ್ತಿನ ವಿಜ್ಞಾನ

ಮುಂಜಾನೆ ಐದಕ್ಕೆ ಊರವರ ಮಕ್ಕಳನ್ನು ಫೋನ್ ಮಾಡಿ ಎಬ್ಬಿಸುವ ನಾನು, ಫೋನಿಟ್ಟ ಮೇಲೆ ಮತ್ತೆ ಮಲಗುತ್ತಿದ್ದೆ. ಈ ಗುಟ್ಟು ನಿಮ್ಮಲ್ಲೇ ಇರಲಿ. ಕಮಲಾಪುರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ಮನೆ ಕಲಬುರಗಿಯ ಕುಸನೂರಿನಲ್ಲಿ. ಹತ್ತನೇ ತರಗತಿಯಲ್ಲಿ ಫೇಲಾಗುವ ಭಯವಿರುವ ಮಕ್ಕಳನ್ನು ಮಾಸ್ತರರು ಹಂಚಿಕೊಂಡು, ಪರೀಕ್ಷೆ ಮುಗಿಯುವವರೆಗೆ ಹೀಗೆ ಎಬ್ಬಿಸಿ ಓದಲು ಕೂರಿಸುವುದು ನಮ್ಮಲ್ಲಿಯ ಪದ್ಧತಿ. ಬೆಳಗಿನ ಜಾವದ ಮೇಲೆ ಹಿರಿಯರಿಗೆ ಅಪಾರ ನಂಬಿಕೆ. ನಮ್ಮಜ್ಜಿಯ ಲೆಕ್ಕದಲ್ಲಿ ಆಗ ಎದ್ದವರಿಗೆ ವಿದ್ಯೆ, ಆರೋಗ್ಯ, ನೊರೆಹಾಲು ಎಲ್ಲವೂ ಸಿಗುತ್ತಿದ್ದವು. ಏಳೂವರೆಗೆ ಏಳುತ್ತಿದ್ದ ನನಗೆ ಸಿಗುತ್ತಿದ್ದುದು ಆರಿದ ಚಹಾ, ಬಿಸಿ ಬೈಗುಳ.

ಆ ವರ್ಷ ನನ್ನ ಪಾಲಿಗೆ ಬಂದವರಲ್ಲಿ ಅಂಬಿಕಾ ಒಬ್ಬಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನ ಮುಳುಗಿತ್ತು. ಮುಖ್ಯ ಪರೀಕ್ಷೆಯಲ್ಲೂ ಮುಳುಗಿದರೆ ಓದು ಅಲ್ಲಿಗೇ ಮುಗಿಯಿತೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮೊದಲ ದಿನ ಫೋನ್ ಮಾಡಿದರೆ ಆ ಕಡೆ ಪಟಪಟ ಸದ್ದು. ಪಾಪ, ಎಬ್ಬಿಸಲೆಂದು ತಾಯಿ ಬೆನ್ನಿಗೆ ಬಡಿಯುತ್ತಿದ್ದಾಳೆ ಎಂದುಕೊಂಡೆ.

"ಹೊಡೀಬ್ಯಾಡ್ರಿ ತಾಯಿ, ತಾನೇ ಏಳ್ತಾಳ!"

ತಾಯಿ ಶಾಂತಾಬಾಯಿ ನಕ್ಕರು. "ಯಾರ್ ಹೊಡೀತಾರ್ರಿ ಸರ? ಆಕಿ ರೊಟ್ಟಿ ಬಡ್ಯಾಕತ್ತಾಳ. ನಾಕಕ್ಕೇ ಎದ್ದಾಳ್ರಿ. ನೀವು ಈಗ ಎದ್ದೀರೇನ್ರಿ?"

ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಯ ಖಾನಾವಳಿಯೊಂದಕ್ಕೆ ಇವರ ಮನೆಯ ರೊಟ್ಟಿ ಹೋಗಬೇಕು. ತಂದೆ ಬುಟ್ಟಿ ಹೊತ್ತು ಮೊದಲ ಬಸ್ಸು ಹಿಡಿಯಬೇಕು. ತರಗತಿಯಲ್ಲಿ ತೂಕಡಿಸುತ್ತಾಳೆಂದು ಈ ಹುಡುಗಿಯನ್ನು ವರ್ಷವಿಡೀ ಸೋಮಾರಿ ಎಂದು ಬೈದವನು ನಾನೇ.

"ಓದಾಕ ಕೈ ಖಾಲಿ ಇಲ್ರಿ ಸರ," ಎಂದಳು ಅಂಬಿಕಾ.

"ಕಿವಿ ಖಾಲಿ ಅವ ಇಲ್ಲ? ಫೋನ್ ಹಿಟ್ಟಿನ ಡಬ್ಬಿ ಮ್ಯಾಲ ಇಡು."

ಅಂದಿನಿಂದ ನಮ್ಮ ತರಗತಿ ಒಲೆಯ ಮುಂದೆ. ನಾನು ಕೇಳುವುದು, ಅವಳು ಬಡಿತದ ಲಯದಲ್ಲೇ ಉತ್ತರಿಸುವುದು. ರಕ್ತ ಪರಿಚಲನೆಗೆ ನಾಲ್ಕು ರೊಟ್ಟಿ, ಓಮ್ ನಿಯಮಕ್ಕೆ ಎರಡು. ಉತ್ತರ ತಡವರಿಸಿದರೆ ರೊಟ್ಟಿ ಹರಿಯುತ್ತಿತ್ತು, ಶಾಂತಾಬಾಯಿ ನನ್ನನ್ನೇ ಗದರುತ್ತಿದ್ದರು: "ಸರಳ ಕೇಳ್ರಿ ಸರ, ರೊಟ್ಟಿ ಹಾಳಾಗ್ತಾವ!" ಕಿವಿಗೆ ದಕ್ಕದ ಚಿತ್ರಗಳನ್ನೆಲ್ಲ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಬರೆಸಿದೆ.

ಅಂಬಿಕಾ ಪಾಸಾದಳು, ವಿಜ್ಞಾನದಲ್ಲಿ ಅರವತ್ತೊಂದು! ಪಿಯುಸಿಗೂ ಸೈನ್ಸೇ ಬೇಕೆಂದು ಹಟ ಹಿಡಿದಳು. ಪೇಢೆ ತಿನ್ನಲು ಹೋದ ನನ್ನೆದುರೇ ಶಾಂತಾಬಾಯಿ ಕೇಳಿದರು: "ಈಕಿ ಕಲಬುರ್ಗಿ ಕಾಲೇಜಿಗಿ ಹೋದ್ರ ರೊಟ್ಟಿ ಯಾರ್ ಬಡೀಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಬಾಗಿಲ ಬಳಿ ಕೂತಿದ್ದ ತಂದೆ ಅಂಗಿಯ ತೋಳು ಮಡಚಿದರು. "ನಾ ಬಡೀತೀನಿ ಬಿಡು."

ವಾರದ ಮೇಲೆ ಫೋನ್ ಮಾಡಿದೆ. ಹಿಂದಿನಿಂದ "ಯವ್ವಾ, ಸುಟ್ತು!" ಎಂಬ ಗಂಡಸಿನ ದನಿ.

"ಅಪ್ಪಗ ಇನ್ನೂ ದುಂಡಗ ಬರವಲ್ದ್ರಿ ಸರ," ಎಂದಳು ಅಂಬಿಕಾ, ಹಳೆಯ ಮಾಸ್ತರರ ಗತ್ತಿನಲ್ಲಿ. "ಆದ್ರ ನಾ ಬೈಯಾಂಗಿಲ್ಲ. ಕಾಲೇಜ್ ಶುರು ಆಗೂದ್ರೊಳಗ ಪಾಸ್ ಮಾಡ್ಸೇ ಬಿಡ್ತೀನಿ."